ಬ್ರೇಕ್ ಹಾಕಿದ ಗ್ರಹ

ಬ್ರೇಕ್ ಹಾಕಿದರೆ ವೇಗ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ನೀವು ಏನು ಮಾಡುತ್ತೀರಿ? ಕಳೆದ ಶನಿವಾರ ನಾವು ಮೂವರು ನಕ್ಕೆವು.

ಮುಂಬಯಿಯ ಭಾಂಡುಪಿನ ಒಂದು ಕನ್ನಡ ಶಾಲೆ. ವಿಜ್ಞಾನ ಶಿಕ್ಷಕರ ಕಾಯಂ ಹುದ್ದೆಗೆ ಸಂದರ್ಶನ, ಬಂದವರು ಇಬ್ಬರು. ಅಭ್ಯರ್ಥಿ ಹತ್ತು ನಿಮಿಷ ಪಾಠ ಮಾಡಬೇಕು, ಕಮಿಟಿಯವರು ಮಕ್ಕಳ ಬೆಂಚಿನಲ್ಲಿ ಕೂತು ಕೇಳಬೇಕು. ಅಲ್ಲಿಯ ಪದ್ಧತಿ ಇದು. ಅಧ್ಯಕ್ಷರು ಬೆಳಗಾವಿ ಕಡೆಯ ಹಿರಿಯರು, ಮೂವತ್ತು ವರ್ಷ ಲೋಕಲ್ ರೈಲು ಓಡಿಸಿ ನಿವೃತ್ತರಾದವರು. ಎಲ್ಲರಿಗೂ ಕಾಕಾ. ಇನ್ನೊಬ್ಬರು ಮಾಟುಂಗದ ಹೋಟೆಲ್ ಮಾಲೀಕರು (ಅಂದಿನ ಇಡ್ಲಿ ಅವರದೇ). ಮೂರನೆಯವನು ನಾನು. ಪೇಪರಿನಲ್ಲಿ ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಎಂದು ಜನ ನಂಬಿದ್ದಾರೆ.

ವಿಜಯಪುರದ ಸುನಂದಾ ಟೀಚರ್ ಅದೇ ಶಾಲೆಯಲ್ಲಿ ಆರು ವರ್ಷದಿಂದ ಟೆಂಪರರಿ. ಈ ಸಲ ಆಯ್ಕೆಯಾಗದಿದ್ದರೆ ಆ ಕೆಲಸವೂ ಇಲ್ಲ. ಅವರು ಬೋರ್ಡಿನ ಮೇಲೆ ಸೂರ್ಯನನ್ನೂ ಅದನ್ನು ದುಂಡಗೆ ಸುತ್ತುವ ಒಂದು ಗ್ರಹವನ್ನೂ ಬರೆದರು. ವೇಗ ಹೆಚ್ಚಿಸಿದರೆ ಗ್ರಹದ ದಾರಿ ಹೊರಕ್ಕೆ ಚಾಚುತ್ತದೆ, ತೀರಾ ಹೆಚ್ಚಿದರೆ ಅದು ಮರಳಿ ಬರುವುದೇ ಇಲ್ಲ ಎಂದರು. ತಲೆಯಾಡಿಸಿದೆವು.

"ವೇಗ ಕಡಿಮೆ ಮಾಡಿದರೆ ಅದು ಸೂರ್ಯನ ಕಡೆ ಬೀಳುತ್ತದೆ. ಬೀಳುತ್ತಾ ಬೀಳುತ್ತಾ ಮೊದಲಿಗಿಂತ ಜೋರಾಗುತ್ತದೆ."

ಕಾಕಾ ಕೈ ಎತ್ತಿದರು. "ಅಲ್ರಿ ಟೀಚರ್, ಬ್ರೇಕ್ ಹಾಕಿದ್ರ ಗಾಡಿ ಜೋರ್ ಓಡತೈತೇನ್ರಿ?"

"ಹಾಗಾದ್ರೆ ಕುರ್ಲಾದಲ್ಲಿ ಬ್ರೇಕ್ ಹಾಕಿದ್ರೆ ಸೀದಾ ಕಲ್ಯಾಣ್ ಮಾರಾಯ್ರೆ," ಎಂದರು ಹೋಟೆಲ್ ಮಾಲೀಕರು.

ನಕ್ಕೆವು. ನಾನೂ.

ಟೀಚರ್ ನಗಲಿಲ್ಲ. ಊರ ಮಾತಿಗೆ ಇಳಿದರು. "ಗಾಡಿಗೆ ಹಳಿ ಇರತಾವ್ರಿ ಕಾಕಾ. ನಿಧಾನ ಆದ್ರೂ ಅದ ಹಳಿ, ಜೋರ್ ಆದ್ರೂ ಅದ ಹಳಿ. ಗ್ರಹಕ್ಕ ಹಳಿ ಇಲ್ರಿ. ವೇಗ ಬದಲಾದ್ರ ದಾರೀನ ಬದಲಾಗತೈತಿ. ಈಗ ನೋಡ್ರಿ, ಇಲ್ಲಿಂದ..."

ಬೆಲ್ ಆಯಿತು. ಹತ್ತು ನಿಮಿಷ ಮುಗಿದಿತ್ತು. ಬೋರ್ಡಿನ ಮೇಲೆ ಎಳೆಯುತ್ತಿದ್ದ ಗೆರೆ ಅರ್ಧಕ್ಕೇ ನಿಂತಿತು.

'ವಿಷಯದಲ್ಲಿ ಗೊಂದಲವಿದೆ' ಎಂದು ಕಾಕಾ ಬರೆದರು. ಕೆಳಗೆ ಮೂರು ಸಹಿ. ಟೀಚರ್ ಹೇಳಿದ್ದು ತಪ್ಪೋ ಸರಿಯೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಲೂ ಇಲ್ಲ.

ಭಾನುವಾರ ಮಗಳ ಕಾಲೇಜು ಪುಸ್ತಕವನ್ನು ಎರಡು ಸಲ ಓದಿದೆ. ಟೀಚರ್ ಹೇಳಿದ್ದು ಅಕ್ಷರಶಃ ಸರಿ. ವೇಗ ಕಳೆದುಕೊಂಡ ಗ್ರಹ ಒಳಕ್ಕೆ ಬೀಳುತ್ತದೆ, ಸೂರ್ಯನ ಹತ್ತಿರ ಮೊದಲಿಗಿಂತ ಜೋರಾಗಿ ತಿರುಗುತ್ತದೆ, ಮತ್ತೆ ನಿಧಾನವಾಗುತ್ತಾ ಹೊರಟ ದೂರಕ್ಕೇ ಮರಳುತ್ತದೆ. ದುಂಡಗಿದ್ದ ದಾರಿ ಮೊಟ್ಟೆಯಾಕಾರವಾಗುತ್ತದೆ, ಅಷ್ಟೆ.

ಕಾಕಾಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ಹೌದೇನು? ಇರಬೇಕು ಬಿಡ್ರಿ. ಆದ್ರ ಆ ಇನ್ನೊಬ್ಬಾಕಿಗೆ ನಿನ್ನೇನ ಆರ್ಡರ್ ಕೊಟ್ಟೇವಲ್ಲ. ವಾಪಸ್ ತಗೊಂಡ್ರ ಕಮಿಟಿ ಮರ್ಯಾದಿ ಏನಾತು?"

"ಸುನಂದಾ ಟೀಚರ್ ಮರ್ಯಾದೆ?" ಎಂದೆ.

"ಆಕಿ ಹುಷಾರ್ ಅದಾಳ. ಎಲ್ಲ್ಯಾರ ಕೆಲಸ ಸಿಗತೈತಿ."

ಹುಷಾರಿರುವುದು ಈಗ ಕಮಿಟಿಗೂ ಗೊತ್ತು. ಸೋಮವಾರ ಟೀಚರ್ ಲ್ಯಾಬಿನ ಬೀಗದಕೈ ಒಪ್ಪಿಸಿ ಹೋದರಂತೆ.

ಆಯ್ಕೆಯಾದವರ ಪಾಠದಲ್ಲಿ ನಮಗೆ ಮೊದಲೇ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅದಕ್ಕೇ ತಾನೆ ಅವರನ್ನು ಆರಿಸಿದ್ದು?