ಖಂಡೆ ಪೂಜೆಗೆ ಕುಳಿತ ಲ್ಯಾಪ್‌ಟಾಪ್

ನನ್ನ ಲ್ಯಾಪ್‌ಟಾಪಿನ ಸ್ಪೇಸ್ ಬಾರಿನ ಕೆಳಗೆ ಒಂದು ಅಕ್ಷತೆ ಕಾಳು ಸಿಕ್ಕಿಕೊಂಡಿದೆ. ಒತ್ತಿದಾಗಲೆಲ್ಲ ‘ಕಟ್’ ಎನ್ನುತ್ತದೆ. ಊದಿದೆ, ಬೋರಲು ಹಾಕಿ ಕೂಸಿಗೆ ತೇಗು ಬರಿಸುವವರಂತೆ ಬೆನ್ನು ತಟ್ಟಿದೆ, ಕಾಳು ಮಿಸುಕಲಿಲ್ಲ. ಮಕ್ಕಳ ಕೈಗೆ ಲ್ಯಾಪ್‌ಟಾಪು, ಇಂಟರ್‌ನೆಟ್ಟು ಕೊಟ್ಟರೆ ವಿದ್ಯೆ ಬರುತ್ತದೋ ಇಲ್ಲವೋ ಎಂಬ ಜಗಳಕ್ಕೂ ಈ ಕಾಳಿಗೂ ಸಂಬಂಧವಿದೆ ಎಂದರೆ ನೀವು ನಗಬಹುದು. ನಗಿರಿ, ನಮ್ಮ ಮನೆಯವರೂ ನಗುತ್ತಲೇ ಇದ್ದಾರೆ.

ಬೆಟಗೇರಿಯ ನೇಕಾರರ ಮನೆ ನಮ್ಮದು. ಅಪ್ಪ ಸೀರೆ ನೇಯುತ್ತಾರೆ, ನಾನು ಲಗ್ನಪತ್ರಿಕೆ ವಿನ್ಯಾಸ ಮಾಡುತ್ತೇನೆ. ಒಮ್ಮೆ ಪತ್ರಿಕೆಯ ಮೂಲೆಗೆ ಚೆಂದದ ತೊಟ್ಟಿಲೊಂದನ್ನು ಕೂರಿಸಿ, ಎರಡೂ ಕಡೆಯ ಬೀಗರು ಒಟ್ಟಾಗಿ ನನ್ನನ್ನು ಹುಡುಕಿಕೊಂಡು ಬರುವಂತೆ ಮಾಡಿದ್ದೆ. ಆ ಎರಡು ಮನೆತನಗಳ ನಡುವೆ ಅಂಥ ಒಗ್ಗಟ್ಟು ಮತ್ತೆಂದೂ ಕಂಡಿಲ್ಲವಂತೆ. ಕಾಲೇಜಿನಲ್ಲಿ ಈ ಯಂತ್ರ ಕೊಡಿಸಿದ್ದು ಓದಲೆಂದು. ನೀರಾವರಿಯ ಪಾಠ ಹುಡುಕಲು ಕೂತವನು ನೀರಿಗಿಳಿದ ಆನೆಮರಿಯ ಹಿಂದೆ ಹೋದೆ. ಪರೀಕ್ಷೆಯಲ್ಲಿ ಆನೆಯ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಹೀಗಾಗಿ ಮುಂಡರಗಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಭಾವನಿಗೆ, ಮಗಳು ಸಹನಾ ಲ್ಯಾಪ್‌ಟಾಪ್ ಬೇಕೆಂದು ಹಟ ಹಿಡಿದಾಗ, ಬೇಡವೆನ್ನಲು ದೃಷ್ಟಾಂತ ಹುಡುಕುವ ಶ್ರಮವಾಗಲಿಲ್ಲ.

“ನಿಮ್ಮ ಮಾಮಾನ್ನ ನೋಡು. ಮತ್ತ ಕೇಳು.”

ಒಂಬತ್ತನೆಯ ತರಗತಿಯ ಹುಡುಗಿ ಬಿಡಲಿಲ್ಲ. ಕೊನೆಗೆ ಒಪ್ಪಂದವಾಯಿತು: ದಸರೆಯ ರಜೆಯಲ್ಲಿ ಅವಳು ನಮ್ಮ ಮನೆಯಲ್ಲಿದ್ದು, ನನ್ನ ಲ್ಯಾಪ್‌ಟಾಪಿನಲ್ಲಿ ಏನಾದರೂ ಕಲಿಯಬೇಕು, ಆಯುಧ ಪೂಜೆಯ, ಅಂದರೆ ನಮ್ಮ ಕಡೆಯ ಖಂಡೆ ಪೂಜೆಯ ದಿನ ಹೋಳಿಗೆ ಊಟಕ್ಕೆ ಬರುವ ತನ್ನ ಅಪ್ಪನಿಗೆ ತೋರಿಸಬೇಕು. ಮೆಚ್ಚಿದರೆ ಲ್ಯಾಪ್‌ಟಾಪು, ಇಲ್ಲದಿದ್ದರೆ ಆ ಮಾತು ಮತ್ತೆ ಎತ್ತುವಂತಿಲ್ಲ. ಸಹನಾ ಚಂದ್ರ ಬೆಳೆದು ಕುಗ್ಗುವ ಬಗೆಗಿನ ವಿಡಿಯೋ ನೋಡಿ, ಲ್ಯಾಪ್‌ಟಾಪಿನಲ್ಲೇ ತಾನೇ ಚಿತ್ರಗಳನ್ನು ಬಿಡಿಸಿ ಸಜ್ಜಾದಳು.

ಎಲ್ಲವನ್ನೂ ಕೆಡಿಸಲು ನಾನಿದ್ದೆನಲ್ಲ. ಪೂಜೆಯ ಬೆಳಿಗ್ಗೆ ಅಪ್ಪ ಮಗ್ಗಕ್ಕೆ, ಲಾಳಿಗೆ ವಿಭೂತಿ ಹಚ್ಚುವಾಗ ನನ್ನ ಸ್ವಾಭಿಮಾನ ಕೆರಳಿತು. ನನಗೂ ಒಂದು ಕಸುಬಿದೆ ಎಂದು ಲೋಕಕ್ಕೆ ಸಾರಲು ಲ್ಯಾಪ್‌ಟಾಪನ್ನು ತೆರೆದು ಲಾಳಿಯ ಪಕ್ಕದಲ್ಲಿಟ್ಟು, ವಿಭೂತಿ, ಕುಂಕುಮ, ಹಿಡಿ ತುಂಬ ಅಕ್ಷತೆ ಹಾಕಿ ಕೈಮುಗಿದೆ. ಪೂಜೆಗಿಟ್ಟ ಉಪಕರಣವನ್ನು ಮರುದಿನ ಬನ್ನಿ ಕೊಡುವವರೆಗೆ ಮುಟ್ಟುವಂತಿಲ್ಲ ಎಂಬುದು ನೆನಪಾದದ್ದು ಸಹನಾಳ ಮುಖ ನೋಡಿದ ಮೇಲೆ.

“ಅಜ್ಜಿ, ಒಂದ್ ಹತ್ತ ನಿಮಿಷ ತೊಗೊಳ್ಳಲೇನು?”

“ಮುಟ್ಟೀಯವ್ವಾ ಮತ್ತ,” ಎಂದಳು ನಮ್ಮವ್ವ. “ವರ್ಷಕ್ಕೊಮ್ಮೆ ಅದಕ್ಕೂ ಸೂಟಿ ಬ್ಯಾಡೇನು?”

ಊಟಕ್ಕೆ ಬಂದ ಭಾವ ಉಂಡು ಎದ್ದರು. ಸಂಜೆಯ ಬಸ್ಸಿಗೆ ಹೊರಡುವವರು. ಸಹನಾ ಅಡುಗೆಮನೆಗೆ ಹೋಗಿ ನಿಂಬೆಹಣ್ಣೊಂದನ್ನು ತಂದು, ಮಗ್ಗದ ಕೋಣೆಯ ಕಿಟಕಿ ಮುಚ್ಚಿದಳು. ಪೂಜೆಯ ದೀಪ ಇದ್ದಲ್ಲೇ ಸೂರ್ಯನಾಯಿತು. “ಅಪ್ಪಾ, ನೀ ಭೂಮಿ. ನಡುವ ಕುಂಡ್ರು. ಮಾಮಾ, ಚಂದ್ರನ್ನ ಹಿಡಕೊಂಡು ಸುತ್ತು.” ನಿಂಬೆಹಣ್ಣು ಹಿಡಿದು ನಾನು ಸುತ್ತಿದೆ. ಒಂದೆಡೆ ನಿಲ್ಲಿಸಿ, “ಈಗ ಎಷ್ಟ ಬೆಳಕ ಕಾಣ್ತೈತಿ?” ಎಂದು ಅಪ್ಪನನ್ನು ಕೇಳಿದಳು.

“ಅರ್ಧಕ್ಕಿಂತ ತುಸು ಜಾಸ್ತಿ.”

“ಹೊರಗ ಬಾ.”

ಅಂಗಳಕ್ಕೆ ಹೋದೆವು. ಸಂಜೆಯ ಬಾನಿನಲ್ಲಿ ನವಮಿಯ ಚಂದ್ರ ಹಾಗೆಯೇ, ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ಬಲಮಗ್ಗುಲು ಬೆಳಗಿಸಿಕೊಂಡು ನಿಂತಿದ್ದ. ಭಾವ ಬಹಳ ಹೊತ್ತು ನೋಡಿದರು. ಒಳಗೆ ಬಂದು ತಾವಾಗಿಯೇ ಭೂಮಿಯಾಗಿ ಕುಳಿತರು. ಅಮಾವಾಸ್ಯೆಗೆಂದು ನಾನು ನಿಂಬೆಹಣ್ಣನ್ನು ದೀಪದ ಮುಂದೆ ತಂದಾಗ ಅವರು ಕೈಯೆತ್ತಿದರು.

“ನಿಲ್ಲು. ದೀಪಾನ ಮುಚ್ಚಿತಲ್ಲ. ಇದು ಗ್ರಹಣ ಆತು. ಹಂಗಾರ ಪ್ರತಿ ಅಮಾಸಿಗೂ ಗ್ರಹಣ ಯಾಕ ಆಗಂಗಿಲ್ಲ?”

ಸಹನಾ ದೀಪವನ್ನೂ ನಿಂಬೆಹಣ್ಣನ್ನೂ ತಿರುತಿರುಗಿ ನೋಡಿದಳು. ನಡುವೆ ಬಾಯಿ ಹಾಕುವುದು ನನ್ನ ಹುಟ್ಟುಗುಣ. “ಅದು ಹೆಂಗಂದ್ರ...” ಎನ್ನುತ್ತ ಪಂಡಿತನಂತೆ ಒಂದು ಹೆಜ್ಜೆ ಹಿಂದೆ ಇಟ್ಟವನು ಚಂದ್ರನ ಸಮೇತ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಗೆ ಬಿದ್ದೆ. ವರ್ಷವಿಡೀ ಅಪ್ಪ ಕರೆದರೂ ಆ ಕುಣಿಗೆ ಇಳಿಯದವನು, ಮುಟ್ಟಬಾರದ ಒಂದೇ ದಿನ ನೋಡಿ ಇಳಿದಿದ್ದೆ.

“ಚಂದ್ರಗೇನೂ ಆಗಿಲ್ಲಲ್ಲ?” ಎಂದಳು ಅವ್ವ.

ನಗು ನಿಂತ ಮೇಲೆ ಸಹನಾ ಮೆಲ್ಲಗೆ ಹೇಳಿದಳು: “ನನಗ ಗೊತ್ತಿಲ್ಲಪ್ಪಾ. ವಿಡಿಯೋದಾಗ ಹೇಳಿರಲಿಲ್ಲ. ನನಗೂ ಕೇಳಬೇಕು ಅಂತ ಹೊಳೀಲಿಲ್ಲ.”

ಭಾವ ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡರು. ಹುಡುಗಿ ರಾತ್ರಿ ಹೋಳಿಗೆ ಮುಟ್ಟಲಿಲ್ಲ.

ಮರುದಿನ ಬನ್ನಿ ಕೊಟ್ಟ ಕೂಡಲೇ ಅವಳು ಲ್ಯಾಪ್‌ಟಾಪಿನ ವಿಭೂತಿ ಒರೆಸಿ ಕುಳಿತಳು. ನಾನು ಕಿಟಕಿಯಿಂದ ಇಣುಕಿದೆ: ಆನೆ ಅಡ್ಡ ಬರಲಿಲ್ಲ, ಹಾಡು ಅಡ್ಡ ಬರಲಿಲ್ಲ. ನೆಟ್ಟಗೆ ಪ್ರಶ್ನೆಗೆ ಹೋದಳು, ಓದಿದಳು, ಅಪ್ಪನಿಗೆ ಫೋನ್ ಹಚ್ಚಿದಳು.

“ಅಪ್ಪಾ, ಚಂದ್ರನ ದಾರಿ ಒಂಚೂರು ವಾರಿ, ಓರೆಯಾಗಿ ಐತಿ. ಭಾಳ ಸರ್ತಿ ಸೂರ್ಯನ ಮ್ಯಾಲೆ ಇಲ್ಲಾ ಕೆಳಗ ಹಾದು ಹೋಗತಾನ.”

ಆ ಕಡೆಯಿಂದ ಭಾವನ ದನಿ ಕೇಳಿಸಿತು. “ಹೌದವಾ. ನಾನೂ ಮನ್ಯಾಗ ನಿಂಬಿಹಣ್ಣ ಹಿಡದು ನೋಡಿದೆ. ತುಸು ಮ್ಯಾಲೆ ಹಿಡದ್ರ ದೀಪಕ್ಕ ಅಡ್ಡ ಬರವಲ್ದು. ಆದ್ರ ಯಾಕ ವಾರಿ ಐತಿ?”

“ನೋಡಿ ಹೇಳತೀನಿ.”

“ಈಗ ಬ್ಯಾಡ. ದೀಪಾವಳಿಗೆ ನಿಂದ ಲ್ಯಾಪ್‌ಟಾಪ್ ತರೂಣು, ಇಬ್ಬರೂ ಕೂಡಿ ನೋಡೂಣು. ಆದ್ರ ಮಾಮಾನ ಕಡೆ ಏನೂ ಕೇಳಬ್ಯಾಡ, ಕುಣಿಗೆ ಬೀಳತಾನ.”

ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಬೇಕೋ ಬೇಡವೋ ಎಂದು ಕೇಳುವವರಿಗೆ ನಾನು ಈಗ ಎರಡೂ ಕಡೆಯ ಸಾಕ್ಷಿ. ಪ್ರಶ್ನೆ ಹೊತ್ತು ಬಂದವರಿಗೆ ಅದು ಬಾಗಿಲು ತೆರೆಯುತ್ತದೆ. ಬರಿಗೈಲಿ ಬಂದವರಿಗೆ ಆನೆ ತೋರಿಸುತ್ತದೆ. ಆ ಪ್ರಶ್ನೆಯಾದರೂ ಹುಟ್ಟಿದ್ದು ಒಬ್ಬ ಅಪ್ಪ ಮಗಳ ಎದುರು ಭೂಮಿಯಾಗಿ ಕುಳಿತಾಗ.

ಅಕ್ಷತೆ ಕಾಳನ್ನು ತೆಗೆಸುವ ಯೋಚನೆ ಬಿಟ್ಟಿದ್ದೇನೆ. ಸ್ಪೇಸ್ ಬಾರ್ ಒತ್ತಿದಾಗಲೆಲ್ಲ ಅದು ‘ಕಟ್’ ಎನ್ನುತ್ತದೆ. ಯಾಕೆ ಬಂದೆಯಪ್ಪ ಇಲ್ಲಿಗೆ ಎಂದು ಕೇಳಿದ ಹಾಗಾಗುತ್ತದೆ. ಇವತ್ತು ಉತ್ತರವಿತ್ತು: ಇದನ್ನು ಬರೆಯಲು. ನಡುವೆ ಒಂದೇ ಒಂದು ಆನೆ ನೋಡಿದೆ.