ಅತ್ತೆ ‘ಪರವಾಗಿಲ್ಲ’ ಎಂದ ಪಿಯಾನೋ

ಎದುರಿನ ದೊಡ್ಡ ಅಂಗಡಿಯ ಧ್ವನಿವರ್ಧಕ ಬೆಳಗ್ಗೆ ಬಾಗಿಲು ತೆರೆಯುತ್ತಲೇ ಕೂಗಲು ಶುರುಮಾಡುತ್ತಿತ್ತು. ‘ಅರ್ಧ ಬೆಲೆ, ಅರ್ಧ ಬೆಲೆ, ಪಿಯಾನೋ ಜೊತೆ ಸ್ಟೂಲ್ ಉಚಿತ.’ ಅದು ಉಸಿರಾಡಲು ನಿಲ್ಲುವ ಸಣ್ಣ ಬಿಡುವಿಗಾಗಿ ರಸ್ತೆಯ ಈಚೆ ಬದಿಯ ಹಳೆಯ ಪಿಯಾನೋ ಅಂಗಡಿಯಲ್ಲಿ ಇಬ್ಬರು ಹೆಂಗಸರು ಕಾದು ಕೂತಿರುತ್ತಿದ್ದರು. ಬಿಡುವು ಸಿಕ್ಕ ತಕ್ಷಣ ಸೊಸೆ ಒಂದು ಬಿಳಿ ಕೀಲಿಯನ್ನು ಒತ್ತುತ್ತಿದ್ದಳು. ಅತ್ತೆ ಪಿಯಾನೋದ ಪಕ್ಕೆಗೆ ತಲೆ ಆನಿಸಿ, ಜ್ವರದ ಮಗುವಿನ ಎದೆಗೆ ಕಿವಿಗೊಟ್ಟಂತೆ ಕೇಳುತ್ತಿದ್ದರು.

“ಸ್ವರ ಹುಟ್ಟೋದನ್ನ ಎಲ್ರೂ ಕೇಳ್ತಾರೆ,” ಎನ್ನುತ್ತಿದ್ದರು ಅತ್ತೆ. “ಹೇಗೆ ಸಾಯುತ್ತೆ ಅನ್ನೋದನ್ನ ಕೇಳ್ಬೇಕು. ಇದು ಕೆಮ್ಮಿ ಕೆಮ್ಮಿ ಸತ್ತಿತು. ವಾಪಸ್ ಕಳಿಸು.”

ಹಾಗೆ ವಾಪಸ್ ಹೋದವೇ ಹೆಚ್ಚು. ಕಾರ್ಖಾನೆಯಿಂದ ಬಂದ ಪ್ರತಿ ಪಿಯಾನೋವನ್ನೂ ಅತ್ತೆ ಕೆಲವು ವಾರ ಅಂಗಡಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಮರ ಹೊಸ ಗಾಳಿಗೆ ಒಗ್ಗಬೇಕು, ತಂತಿಗಳು ಸಡಿಲಾಗಿ ಮತ್ತೆ ಬಿಗಿಯಾಗಬೇಕು, ಆಮೇಲಷ್ಟೇ ತೀರ್ಪು. ತಮ್ಮ ತಂದೆಯಿಂದ ಶ್ರುತಿ ಮಾಡುವ ಕೆಲಸ ಕಲಿತು ಈ ಮನೆಗೆ ಬಂದಿದ್ದ ಅತ್ತೆಗೆ ಈಗ ಕಣ್ಣು ಮಂಜಾಗಿತ್ತು. ಕಿವಿ ಮಾತ್ರ ಮೊದಲಿಗಿಂತ ಹರಿತ. ನಾಲಿಗೆ ಅದಕ್ಕಿಂತ ಹರಿತ.

ಸೊಸೆಗೆ ಸಂಗೀತ ಗೊತ್ತಿರಲಿಲ್ಲ. ಮದುವೆಗೆ ಮುಂಚೆ ಅವಳು ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಸಣ್ಣ ಜಾಹೀರಾತುಗಳ ಅಚ್ಚುಮೊಳೆ ಜೋಡಿಸುತ್ತಿದ್ದಳು. ಬಾಡಿಗೆಗೆ ಕೋಣೆ, ಹಳೆಯ ಸೈಕಲ್ಲು, ಕಳೆದುಹೋದ ನಾಯಿ, ಎಲ್ಲವನ್ನೂ ಬೆರಳಗಲದ ಜಾಗಕ್ಕೆ ತುರುಕುವುದೇ ದಿನವಿಡೀ ಕೆಲಸ. ಸಂಜೆ ಬೆರಳುಗಳಿಂದ ಮಸಿ ತಿಕ್ಕಿ ತೆಗೆಯುವಾಗ ಅವಳಿಗೆ ಒಂದು ಸಂಗತಿ ಹೊಳೆದಿತ್ತು: ಓದುವವರ ಕಣ್ಣು ನಿಲ್ಲುವುದು ಅಕ್ಷರ ಇರುವಲ್ಲಿ ಅಲ್ಲ, ಇಲ್ಲದಿರುವಲ್ಲಿ. ಆ ಸಂಗತಿಯಿಂದ ಏನು ಮಾಡಬೇಕೆಂದು ಮಾತ್ರ ಆಗ ತಿಳಿದಿರಲಿಲ್ಲ.

ಮಾವ ತೀರಿಕೊಂಡಾಗ ಅಂಗಡಿ ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಬಂತು. ಹಿರಿಯವನು, ಅಂದರೆ ಸೊಸೆಯ ಗಂಡ, ಅಂಗಡಿಯ ವ್ಯಾನು ಓಡಿಸುತ್ತಿದ್ದ. ತಾಯಿ ಮತ್ತು ಹೆಂಡತಿಯ ಮಾತುಗಳ ನಡುವೆ ಬಾಳಿ ಬಾಳಿ ತನ್ನ ಮಾತನ್ನು ಎಲ್ಲಿಟ್ಟನೆಂಬುದೇ ಅವನಿಗೆ ಮರೆತುಹೋಗಿತ್ತು. ಕಿರಿಯವನು, ಸೊಸೆಯ ಮೈದುನ, ಅಣ್ಣನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

“ಚಳಿಗಾಲ ಕಳೆಯೋವರೆಗೆ ನೋಡ್ತೀನಿ ಅತ್ತಿಗೆ,” ಎಂದ ಅವನು ಒಂದು ದಿನ. “ಆಮೇಲೆ ಈ ಜಾಗ ಹಾಸಿಗೆ ವ್ಯಾಪಾರಿಗೆ. ಮಾತು ಕೊಟ್ಟಾಗಿದೆ. ಜನ ಪಿಯಾನೋ ಇಲ್ದೆ ಬದುಕ್ತಾರೆ, ಮಲಗದೆ ಬದುಕಲ್ಲ.”

“ಅತ್ತೆ ಏನು ಮಾಡ್ಬೇಕು?”

“ಮಲಗಲಿ. ಹಾಸಿಗೆ ನಾನೇ ಕೊಡಿಸ್ತೀನಿ.”

ಸೊಸೆ ಒಳಕೋಣೆಯತ್ತ ನೋಡಿದಳು. ಅತ್ತೆ ಒಂದು ಪಿಯಾನೋದ ಮೇಲೆ ಕೈ ಆಡಿಸುತ್ತಾ ಕೂತಿದ್ದರು. ಕೇಳುವುದಕ್ಕೆ ಏನೂ ಇಲ್ಲದ ಮನೆಯಲ್ಲಿ ಈ ಮುದುಕಿ ಒಂದು ವರ್ಷವೂ ಉಳಿಯುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು. ಈ ಮನೆಗೆ ಬಂದ ಹೊಸತರಲ್ಲಿ ಅವಳ ನಡಿಗೆ, ನಗು, ಬಾಗಿಲು ಹಾಕುವ ಸದ್ದು ಎಲ್ಲದರಲ್ಲೂ ತಪ್ಪು ಹುಡುಕಿದ್ದವರೂ ಅವರೇ, ಅವಳಿಗೆ ಮೊದಲ ಜ್ವರ ಬಂದಾಗ ಬೆಳಗಿನವರೆಗೆ ಪಕ್ಕದಲ್ಲಿ ಕೂತು ಉಸಿರು ಕೇಳಿದ್ದವರೂ ಅವರೇ.

ಮೈದುನ ಇನ್ನೂ ಮುಗಿಸಿರಲಿಲ್ಲ. “ಎದುರಿನವನು ದಿನಕ್ಕೊಂದು ಮಾರ್ತಾನೆ. ನಮ್ಮಲ್ಲಿ ಅಮ್ಮ ದಿನಕ್ಕೊಂದು ಬೈತಾಳೆ. ಅವಳು ಒಪ್ಪಿದ್ದು ಅಂತ ಈ ಲೋಕದಲ್ಲಿ ಏನಾದ್ರೂ ಇದ್ರೆ ಅದನ್ನ ಪೇಪರಿಗೆ ಹಾಕ್ಬೇಕು.”

ಸೊಸೆ ಅವನ ಮುಖವನ್ನೇ ನೋಡಿದಳು. ಆಮೇಲೆ ಕೊಡೆ ತೆಗೆದುಕೊಂಡು ನೇರ ಪತ್ರಿಕಾ ಕಚೇರಿಗೆ ನಡೆದಳು.

ಅವಳ ಜೊತೆ ಅಚ್ಚುಮೊಳೆ ಜೋಡಿಸುತ್ತಿದ್ದ ಮುದುಕ ಇನ್ನೂ ಅಲ್ಲೇ ಇದ್ದ. ಅವಳು ಕೇಳಿದ್ದು ಕಾಲು ಪುಟ. ಅದರ ನಟ್ಟನಡುವೆ, ಸಣ್ಣ ಅಕ್ಷರದಲ್ಲಿ, ಎರಡೇ ಸಾಲು: ‘ಈ ಸಲ ಬಂದ ಪಿಯಾನೋಗಳಲ್ಲಿ ಒಂದನ್ನು ನಮ್ಮ ಅತ್ತೆ ಒಪ್ಪಿದ್ದಾರೆ. ಅದು ಅಂಗಡಿಯಲ್ಲಿದೆ.’ ಕೆಳಗೆ ವಿಳಾಸ.

“ಬೆಲೆ ಎಲ್ಲಿ?”

“ಬೇಡ.”

“ಇಷ್ಟು ಜಾಗ ಖಾಲಿ ಬಿಟ್ರೆ ಅಚ್ಚು ತಪ್ಪಿದೆ ಅಂತಾರಮ್ಮ ಜನ. ನನ್ನ ಮರ್ಯಾದೆ ಹೋಗುತ್ತೆ.”

“ಅನ್ನಲಿ. ನೋಡಿದವರು ತಾನೇ ಅನ್ನೋದು.”

ಜಾಹೀರಾತು ಬಂದ ದಿನ ಸೊಸೆ ಅದನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ಕೆಂಡವಾದರು.

“ಒಪ್ಪಿದೆ ಅಂತ ಯಾರು ಹೇಳಿದ್ದು ನಿಂಗೆ? ಪರವಾಗಿಲ್ಲ ಅಂದೆ. ಅಷ್ಟೇ ಅಂದಿದ್ದು. ಊರಿಗೆಲ್ಲ ಸುಳ್ಳು ಹೇಳ್ತೀಯಾ ನನ್ನ ಹೆಸರಲ್ಲಿ?”

ಮುಂದಿನ ವಾರ ಅಷ್ಟೇ ಜಾಗ, ಅಷ್ಟೇ ಬಿಳುಪು. ನಡುವೆ: ‘ತಿದ್ದುಪಡಿ. ಕಳೆದ ವಾರದ ಪಿಯಾನೋವನ್ನು ನಮ್ಮ ಅತ್ತೆ ಒಪ್ಪಿಲ್ಲ. ಪರವಾಗಿಲ್ಲ ಎಂದಿದ್ದಾರೆ.’

ಊರು ನಕ್ಕಿತು. ಟ್ರ್ಯಾಮಿನಲ್ಲಿ, ಕ್ಷೌರದಂಗಡಿಯಲ್ಲಿ, ಅದನ್ನು ಓದಿ ಹೇಳಿ ನಕ್ಕರು. ಅತ್ತೆ ಇದ್ದವರೆಲ್ಲ ನಕ್ಕರು, ಅತ್ತೆಯಾದವರು ಮುಸಿಮುಸಿ ನಕ್ಕರು. ಎರಡು ದಿನ ಕಳೆಯುವುದರೊಳಗೆ ಜನ ಅಂಗಡಿಗೆ ಬರತೊಡಗಿದರು, ಪಿಯಾನೋ ನೋಡಲಿಕ್ಕಲ್ಲ, ಅತ್ತೆಯನ್ನು ನೋಡಲಿಕ್ಕೆ. ಬಂದವರು ಪಿಸುಮಾತಿನಲ್ಲಿ ಮಾತಾಡಿಕೊಂಡು ನಿಂತರೆ ಅತ್ತೆ ಒಳಗಿನಿಂದಲೇ, “ಕೊಳ್ಳೋದಿದ್ರೆ ಕೂತ್ಕೊಳ್ಳಿ, ಇಲ್ದಿದ್ರೆ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ, ನಾನು ಕೇಳ್ತಿದೀನಿ,” ಎನ್ನುತ್ತಿದ್ದರು. ಬೈಸಿಕೊಂಡವರು ಸನ್ಮಾನ ಸಿಕ್ಕಂತೆ ಹೊರಗೆ ಹೋಗಿ ಹೇಳಿಕೊಂಡರು.

ಸೊಸೆ ಪ್ರತಿ ವಾರ ಬರೆದಳು. ‘ಈ ವಾರ ಯಾವುದೂ ಇಲ್ಲ. ಕ್ಷಮಿಸಿ.’ ಇನ್ನೊಂದು ವಾರ: ‘ಕಪ್ಪು ಪಿಯಾನೋ ನೋಡಲು ಸುಂದರ. ಅತ್ತೆಗೆ ಕಣ್ಣು ಕಾಣುವುದಿಲ್ಲ. ವಾಪಸ್ ಹೋಗಿದೆ.’ ಕೊಂಡವರ ಪಿಯಾನೋದ ಮುಚ್ಚಳದೊಳಗೆ ಒಂದು ಪುಟ್ಟ ಹಿತ್ತಾಳೆ ಫಲಕ ಕೂಡಿಸಿದಳು. ಅದರ ಮೇಲೆ ಕೆತ್ತಿದ್ದು ಒಂದೇ ಪದ, ‘ಪರವಾಗಿಲ್ಲ’. ಮನೆಗೆ ಬಂದ ನೆಂಟರ ಮುಂದೆ ಜನ ಮೊದಲು ಮುಚ್ಚಳ ಎತ್ತಿ ಫಲಕ ತೋರಿಸುತ್ತಿದ್ದರು, ನುಡಿಸುವುದು ಆಮೇಲೆ. ಎದುರಿನ ಅಂಗಡಿಯವನು ‘ಅತ್ಯುತ್ತಮ, ಅತ್ಯುತ್ತಮ’ ಎಂದು ಕೂಗಿಸಿ ನೋಡಿದ. ‘ಪರವಾಗಿಲ್ಲ’ದ ಮುಂದೆ ಆ ಮಾತು ಪೊಳ್ಳಾಗಿ ಕೇಳಿಸಿತು.

ಸರದಿ ಬೆಳೆಯಿತು, ಪಿಯಾನೋ ಬೆಳೆಯಲಿಲ್ಲ. ಕಾಯುವವರನ್ನು ನೋಡಿ ನೋಡಿ ಮೈದುನನ ಕೈ ತುರಿಸತೊಡಗಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಎಂದೂ ಮಾತಾಡದ ಗಂಡ ತಟ್ಟೆ ನೋಡುತ್ತಾ ಮಾತಾಡಿದ. “ಮೂಲೇಲಿದ್ದ ಕಂದು ಬಣ್ಣದ್ದು. ನಿನ್ನೆ ನೀವಿಬ್ರೂ ಇಲ್ದಾಗ, ತಮ್ಮ ಹೇಳಿದ ಅಂತ, ದಂತವೈದ್ಯರ ಮನೆಗೆ ಮುಟ್ಟಿಸಿ ಬಂದೆ. ಫಲಕ ಇತ್ತು. ಅಮ್ಮ ಅದನ್ನ ಬೇಡ ಅಂದಿದ್ದಳಲ್ಲ ಅಂತ ದಾರೀಲಿ ನೆನಪಾಯ್ತು.”

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಬೈಯಲಿಲ್ಲ. ಎಲ್ಲರಿಗೂ ಹೆದರಿಕೆಯಾದದ್ದು ಅದಕ್ಕೇ.

“ಅವರಿಗೇನು ಗೊತ್ತಾಗುತ್ತೆ?” ಎಂದ ಮೈದುನ. “ಹಲ್ಲು ಕೀಳೋರು. ದಿನವಿಡೀ ಜನ ಚೀರೋದನ್ನ ಕೇಳಿದ ಕಿವಿ ಅದು.”

ಅತ್ತೆ ಎದ್ದು ಕೈ ತೊಳೆದು ಒಳಗೆ ಹೋಗಿ ಮಲಗಿದರು. ಆವತ್ತು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಒಂದು ಕೀಲಿಯನ್ನೂ ಒತ್ತಲಿಲ್ಲ.

ಸೊಸೆ ದಂತವೈದ್ಯರ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಂತು ನಕ್ಕರು. “ನನಗೆ ಚೆನ್ನಾಗೇ ಕೇಳ್ತಿದೆ. ನನಗಿಂತ ದೊಡ್ಡ ಗಿರಾಕಿ ಸಿಕ್ಕಿರಬೇಕು, ಅದಕ್ಕೇ ವಾಪಸ್ ಕೇಳ್ತಿದೀರಿ. ಕೊಡಲ್ಲಮ್ಮ.” ಹೇಗೆ ಹೇಳಿದರೂ ನಂಬಲಿಲ್ಲ. ಬಲವಂತ ಮಾಡಿ ಅವರ ಹೆಸರನ್ನು ಬೀದಿಗೆ ತರಲು ಅವಳಿಗೂ ಮನಸ್ಸಿರಲಿಲ್ಲ.

ವಾಪಸ್ ಬರುವ ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅಂಗಡಿ ಉಳಿಯುತ್ತದೆ. ಆದರೆ ಅತ್ತೆ ಇನ್ನು ಮುಂದೆ ಕೇಳುವುದಿಲ್ಲ. ಆಗ ಉಳಿಯುವುದು ಯಾರ ಅಂಗಡಿ?

ಆ ವಾರ ಅವಳು ಅರ್ಧ ಪುಟ ಕೊಂಡಳು. ‘ನಮ್ಮ ಅತ್ತೆ ಬೇಡವೆಂದ ಪಿಯಾನೋ ಒಂದು ಫಲಕ ಹೊತ್ತು ನಮ್ಮಿಂದ ಹೊರಗೆ ಹೋಗಿದೆ. ತಪ್ಪು ನಮ್ಮದು. ಕೊಂಡ ಪ್ರತಿ ಮನೆಗೂ ಅತ್ತೆ ಬಂದು ಇನ್ನೊಮ್ಮೆ ಕೇಳುತ್ತಾರೆ.’

“ಮುಗೀತು,” ಎಂದ ಮೈದುನ, ಪತ್ರಿಕೆಯನ್ನು ಮಡಚಿ. “ನಿಮ್ಮ ಕೈಯಾರೆ ಬೆಂಕಿ ಇಟ್ರಿ ಅತ್ತಿಗೆ. ಹಾಸಿಗೆ ವ್ಯಾಪಾರಿಗೆ ಬರೋಕೆ ಹೇಳ್ತೀನಿ.”

ಸೊಸೆ ಅತ್ತೆಯ ಮಂಚದ ಪಕ್ಕ ಕೂತು ಜಾಹೀರಾತನ್ನು ಓದಿದಳು. “ಎಲ್ಲಾ ಮನೆಗೂ ಅಂತ ಬರೆದಿದೀಯಲ್ಲ, ನನ್ನ ಮಂಡಿ ನೋವು ನಿಂಗೆ ಗೊತ್ತಿಲ್ವಾ?” ಎಂದು ಅತ್ತೆ ಗೊಣಗಿದರು. ಎದ್ದು ಚಪ್ಪಲಿ ಹುಡುಕಿದರು.

ವ್ಯಾನಿನ ಹಿಂಭಾಗದಲ್ಲಿ, ಪಿಯಾನೋಗಳಿಗೆ ಹೊದಿಸುವ ದಪ್ಪ ಕಂಬಳಿಗಳ ಮೇಲೆ ಅತ್ತೆ ರಾಣಿಯಂತೆ ಕೂತರು. ಮಗ ವ್ಯಾನು ಓಡಿಸಿದ. ಪ್ರತಿ ಮನೆಯಲ್ಲೂ ಮನೆಮಂದಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಗೋಡೆಗೆ ಒರಗಿ ನಿಂತರು. ಅಕ್ಕಪಕ್ಕದವರು ಕಿಟಕಿಗಳಲ್ಲಿ ತುಂಬಿಕೊಂಡರು. ಸೊಸೆ ಕೀಲಿ ಒತ್ತಿದಳು, ಅತ್ತೆ ಕಿವಿಗೊಟ್ಟರು. ಕೋಣೆಯಲ್ಲಿ ಗಡಿಯಾರದ ಸದ್ದೂ ಅಪರಾಧದಂತೆ ಕೇಳಿಸುತ್ತಿತ್ತು. ಕೊನೆಗೆ ಅತ್ತೆ ತಲೆ ಎತ್ತಿ, “ಪರವಾಗಿಲ್ಲ,” ಎಂದಾಗ ಇಡೀ ಮನೆ ಉಸಿರು ಬಿಟ್ಟಿತು. ಒಂದು ಮನೆಯಲ್ಲಿ ಅಜ್ಜನೊಬ್ಬ ಕಣ್ಣೊರೆಸಿಕೊಂಡ. ಹೊರಟು ನಿಂತರೆ ಕಿಟಕಿಯಲ್ಲಿದ್ದವರು ವ್ಯಾನಿನ ಹಿಂದೆ ಬಂದು, “ನಮಗೂ ಒಂದು ಹೇಳಿಡಿ,” ಎಂದರು.

ಚಳಿಗಾಲದ ಕೊನೆಯಲ್ಲಿ ದಂತವೈದ್ಯರೇ ಅಂಗಡಿಗೆ ಬಂದರು. “ಊರವರ ಮನೆಗೆಲ್ಲ ಹೋದ್ರಿ, ನಮ್ಮ ಮನೆಗೆ ಯಾಕೆ ಬರಲಿಲ್ಲ? ಬೀದಿಯವರು ಕೇಳ್ತಿದಾರೆ.”

“ಬಾಗಿಲು ತೆಗೀತೀರೋ ಇಲ್ವೋ ಅಂತ,” ಎಂದಳು ಸೊಸೆ.

ಅವರ ಮುಖ ನಿಧಾನವಾಗಿ ಇಳಿಯಿತು. “ಹಾಗಾದ್ರೆ ಬೇಡ ಅಂದಿದ್ದು ನಿಜವಾಗ್ಲೂ ಅದೇನಾ?”

“ಅದೇ ಸ್ವಾಮಿ.”

ಅವರು ತಾವೇ ಮುಂದೆ ನಿಂತು ಪಿಯಾನೋ ಮರಳಿ ಕಳಿಸಿದರು. ಅದರ ಬದಲಿಗೆ ಅತ್ತೆ ತಿಂಗಳುಗಟ್ಟಲೆ ಕೇಳಿ ಇಟ್ಟುಕೊಂಡಿದ್ದ ಒಂದನ್ನು ಅವರಿಗೇ ಕೊಡಿಸಿದರು. “ನಂಗೆ ಹಲ್ಲು ನೋವು ಬಂದ್ರೆ ಇದನ್ನ ನೆನಪಿಟ್ಕೊಳ್ಳಿ,” ಎಂದರು ಅತ್ತೆ.

ಮಾತು ಕೊಟ್ಟಿದ್ದ ದಿನ ಹಾಸಿಗೆ ವ್ಯಾಪಾರಿ ಅಳತೆ ಟೇಪು ಹಿಡಿದು ಬಂದ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೇಪಿನ ತುದಿಯನ್ನು ಗೋಡೆಗೆ ಮುಟ್ಟಿಸಲು ಹೋದರೆ ಅಡ್ಡ ಒಬ್ಬರು, ಬಾಗಿಲಿಗೆ ಹಿಡಿಯಲು ಹೋದರೆ ಅಡ್ಡ ಇಬ್ಬರು. ಒಳಗಿನಿಂದ ಅತ್ತೆಯ ದನಿ ಬಂತು: “ಟೇಪು ಎಳೆಯೋ ಸದ್ದು ಯಾರದ್ದು? ನಿಲ್ಲಿಸಿ, ನಾನು ಕೇಳ್ತಿದೀನಿ.” ವ್ಯಾಪಾರಿ ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ತುಸು ಹೊತ್ತು ನಿಂತು ನೋಡಿ, ಸೊಸೆಯ ಹತ್ತಿರ ಬಂದು ಸಣ್ಣ ದನಿಯಲ್ಲಿ, “ನನ್ನ ಮಗಳಿಗೆ ಒಂದು ಬೇಕಿತ್ತು. ಸರದಿ ಎಷ್ಟು ದೂರ ಇದೆ?” ಎಂದ.

ಮೈದುನ ಅದನ್ನು ಕಣ್ಣಾರೆ ನೋಡಿದ. ಆವತ್ತೇ ಬಣ್ಣ ಬದಲಿಸಿದ.

“ಅತ್ತಿಗೆ, ನಾನು ಮೊದಲಿಂದ್ಲೂ ಹೇಳ್ತಾನೇ ಬಂದೆ, ಅಮ್ಮನ್ನ ಪೇಪರಿಗೆ ಹಾಕ್ಬೇಕು ಅಂತ. ಈಗ ಕೇಳಿ. ಪಕ್ಕದ ಊರಲ್ಲಿ ಒಂದು ಅಂಗಡಿ, ಬಂದರಿನ ಹತ್ತಿರ ಒಂದು. ಅಮ್ಮ ಎಲ್ಲಾ ಕಡೆ ಹೋಗೋಕಾಗಲ್ಲ, ವಯಸ್ಸಾಯ್ತು. ಇನ್ನೆಷ್ಟು ದಿನ ಕೇಳ್ತಾಳೆ? ಹೆಸರು ನಿಂತಾಗಿದೆ, ಇನ್ನು ಫಲಕ ಇದ್ರೆ ಸಾಕು. ಯಾರು ಕೇಳಿದ್ರು, ಯಾರು ಬಿಟ್ರು ಅಂತ ಯಾರು ನೋಡ್ತಾರೆ—”

ಒಳಕೋಣೆಯ ಪರದೆ ಸರಿಯಿತು. ಅತ್ತೆ ತಲೆ ಹೊರಗೆ ಹಾಕಿದರು.

“ಏಯ್, ಇಲ್ಲಿ ಬಾ. ಇವತ್ತು ಕೀಲಿ ನಾನು ಒತ್ತುತ್ತೀನಿ. ಕಿವಿ ನೀನಿಡು. ಏನನ್ಸುತ್ತೆ ಹೇಳು.”

ಇಷ್ಟು ವರ್ಷಗಳಲ್ಲಿ ಅತ್ತೆ ಸೊಸೆಯನ್ನು ಹಾಗೆ ಕೇಳಿದ್ದು ಇದೇ ಮೊದಲು.

“ಒಂದು ನಿಮಿಷ ಅತ್ತಿಗೆ, ಬಂದರಿನ ಅಂಗಡಿಗೆ ಬಾಡಿಗೆ ಮಾತಾಡ್ಬೇಕಲ್ಲ, ನಾಳೆ ಬೆಳಗ್ಗೆ ನಾವಿಬ್ರೂ...” ಎನ್ನುತ್ತಿದ್ದ ಮೈದುನ. ಸೊಸೆ ಪಿಯಾನೋಗೆ ಕಿವಿ ಆನಿಸಲು ಅಡ್ಡವಾಗುವ ಓಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಪರದೆಯೊಳಗೆ ನಡೆದುಬಿಟ್ಟಳು.