ಕಟ್ಟೆಯಂಚಿನಿಂದ ಅಳೆದ ಏಳು ವರ್ಷ

ಊರವರೆಲ್ಲ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ ಹೆಂಗಸು. ತುತ್ತು ನುಂಗುವಾಗಲೂ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಹಜಾರಕ್ಕೆ ಓಡಾಡುತ್ತಿದ್ದಳು. ‘ಒಂದ್ಕಡೆ ಕೂತ್ಕೊಳೇ, ನೆಲ ಸವೆದು ಹೋಗುತ್ತೆ’ ಎಂದು ಅತ್ತೆ ದಿನಾ ಗೊಣಗುತ್ತಿದ್ದರು. ಗೊಣಗಿ ಪ್ರಯೋಜನವಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಊರಿನ ಅಡಿಯಲ್ಲಿ ಕಲ್ಲಿದ್ದಲಿನ ಗಣಿ, ಊರಿನಲ್ಲಿ ಹದಿನಾಲ್ಕು ಬಾವಿ. ಗಣಿ ಆಳಕ್ಕೆ ಹೋದಂತೆ ಮೇಲಿನ ನೀರು ಬಿರುಕುಗಳಲ್ಲಿ ಇಳಿದುಹೋಗುವ ಭಯವಿರುತ್ತದಲ್ಲ, ಅದಕ್ಕೆ ಊರಿನ ನೀರಿನ ಸಮಿತಿಯ ಪರವಾಗಿ ಕಾವಲು ಕೂತವಳು ಟೇಪಕ್ಕ. ವಾರಕ್ಕೊಮ್ಮೆ ಪ್ರತಿ ಬಾವಿಯ ಕಟ್ಟೆಯ ಮೇಲೆ ಬಗ್ಗಿ, ತುದಿಗೆ ಸೀಸದ ಗುಂಡು ಕಟ್ಟಿದ ಟೇಪನ್ನು ಒಳಗೆ ಇಳಿಬಿಡುವಳು. ಗುಂಡು ನೀರಿಗೆ ತಾಗಿ ‘ಪುಳಕ್’ ಅಂದ ಕೂಡಲೇ ಕಟ್ಟೆಯಂಚಿಗೆ ಸರಿಯಾಗಿ ಹೆಬ್ಬೆರಳಿಟ್ಟು ಟೇಪನ್ನು ಹಿಡಿದು ಅಂಕಿಯನ್ನು ಪುಸ್ತಕಕ್ಕೆ ಇಳಿಸುವಳು. ಏಳು ವರ್ಷ ಒಂದು ವಾರವೂ ತಪ್ಪಿಸಿರಲಿಲ್ಲ, ಜ್ವರ ಬಂದಾಗಲೂ. ಗೇಣು ಹೆಚ್ಚು, ಗೇಣು ಕಡಿಮೆ, ಅಷ್ಟೇ. ತಿಂಗಳ ಕೊನೆಗೆ ದುಂಡಗಿನ ಅಕ್ಷರದಲ್ಲಿ ‘ಬದಲಾವಣೆ ಇಲ್ಲ’ ಎಂದು ಬರೆದು ಸಹಿ ಹಾಕುವಾಗ ಅವಳಿಗೆ ಒಳಗೊಳಗೇ ಹೆಮ್ಮೆ.

ಈಗ ಗಣಿಯವರ ಕಣ್ಣು ಕೆರೆಯ ಮೇಲೆ ಬಿದ್ದಿತ್ತು. ಕೆರೆ ಎಂದರೆ ಊರಿನ ಕುಡಿಯುವ ನೀರು; ಬಾವಿಗಳ ನೀರು ಗಡಸು, ಬಳಕೆಗಷ್ಟೇ. ಅದರ ಅಡಿಯಲ್ಲೂ ಕಲ್ಲಿದ್ದಲಿದೆ, ತೆಗೆಯಬಹುದೇ? ‘ಇಷ್ಟು ವರ್ಷ ಬಾವಿಗಳ ನೀರೇ ಇಳಿದಿಲ್ಲ, ಕೆರೆಯ ನೀರು ಹೇಗೆ ಇಳಿಯುತ್ತದೆ’ ಎಂಬುದು ಗಣಿಯ ಎಂಜಿನಿಯರ್ ಸಾಹೇಬರ ವಾದ. ವಾದಕ್ಕೆ ಆಧಾರ ಟೇಪಕ್ಕನ ಪುಸ್ತಕ. ಗುರುವಾರ ನೀರಿನ ಸಮಿತಿಯ ಸಭೆಯಲ್ಲಿ ಅದನ್ನು ಒಪ್ಪಿಸಬೇಕಿತ್ತು.

ಸೋಮವಾರ ಮಧ್ಯಾಹ್ನ ಅವಳ ಗಂಡ ಸಪ್ಪೆ ಮುಖ ಹೊತ್ತು ಬಂದ. ಗಾರೆ ಕೆಲಸದವನು, ಮಾತು ಕಡಿಮೆ. ಪಂಪುಮನೆಯ ಬಾವಿಕಟ್ಟೆ ಬಿರುಕು ಬಿಟ್ಟಿತ್ತು. ಎಂಟು ವರ್ಷದ ಹಿಂದೆ ತಾನೇ ಕಟ್ಟಿದ್ದನ್ನು ರಿಪೇರಿ ಮಾಡಲು ಹೋಗಿದ್ದ. ಕೈ ತೊಳೆಯುತ್ತಾ ಹೇಳಿದ:

“ನನ್ನ ಕೈ ಕೆಟ್ಟಿದೆಯೋ ಕಣ್ಣು ಕೆಟ್ಟಿದೆಯೋ ಗೊತ್ತಾಗ್ತಿಲ್ಲ. ಕೆರೆ ಪಕ್ಕದ ಬಂಡೆ ಮೇಲೆ ಗೀಟು ಕೊರೆದು, ಅದೇ ಮಟ್ಟಕ್ಕೆ ಆ ಕಟ್ಟೆ ಎಬ್ಬಿಸಿದ್ದೆ. ಇವತ್ತು ಕೊಳವೆ ಹಿಡಿದು ನೋಡಿದ್ರೆ ನಾಲ್ಕೂವರೆ ಅಡಿ ಕೆಳಗಿದೆ.”

ಕೊಳವೆ ಎಂದರೆ ಗಾರೆಯವರ ಬಳಿ ಇರುವ, ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ನಳಿಕೆ. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಯಾರ ಮುಲಾಜೂ ನೋಡುವುದಿಲ್ಲ.

“ಮೇಲಿನ ಕಲ್ಲು ಯಾರೋ ಕಿತ್ಕೊಂಡು ಹೋಗಿರ್ಬೇಕು ರೀ.”

“ಒಂದು ಕಲ್ಲೂ ಹೋಗಿಲ್ಲ, ಎಣಿಸಿದೆ. ನೆಲಾನೇ ಇಳಿದಿದೆ. ಬಂಡೆ ಅಡಿ ಗಣಿ ಇಲ್ಲ, ಅದು ಇದ್ದಲ್ಲೇ ಇದೆ. ಕಟ್ಟೆ, ಪಂಪುಮನೆ, ನಮ್ಮನೆ, ಎಲ್ಲಾ ಒಟ್ಟಿಗೆ. ಒಟ್ಟಿಗೆ ಇಳಿದ್ರೆ ಯಾರಿಗೆ ಕಾಣುತ್ತೆ?”

ಟೇಪಕ್ಕನ ಕೈಯಲ್ಲಿ ತಟ್ಟೆಯಿತ್ತು. ಬಾಯಲ್ಲಿದ್ದ ತುತ್ತು ಗಂಟಲಿಗೆ ಇಳಿಯುವಷ್ಟರಲ್ಲಿ ಲೆಕ್ಕ ಹೊಳೆಯಿತು. ಕಟ್ಟೆಯಿಂದ ನೀರಿಗೆ ಅಂದೂ ಇಪ್ಪತ್ತೆರಡು ಅಡಿ, ಇಂದೂ ಇಪ್ಪತ್ತೆರಡು ಅಡಿ. ಕಟ್ಟೆ ನಾಲ್ಕೂವರೆ ಅಡಿ ಇಳಿದಿದ್ದರೆ ನೀರೂ ಅಷ್ಟೇ ಇಳಿದಿದೆ. ಅವಳು ಹೆಬ್ಬೆರಳಿಟ್ಟ ಜಾಗವೇ ಕೆಳಗೆ ಹೋಗುತ್ತಿತ್ತು.

ನೆಲದ ಮಟ್ಟ ಅಳೆಯುವವರು ಗಣಿಯಲ್ಲಿ ಇರಲಿಲ್ಲವೆಂದಲ್ಲ. ಅವರದು ಬೇರೆ ಕಚೇರಿ, ಅವರ ಕಾಗದ ಬೇರೆ ಕಪಾಟಿನಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ತಲೆನೋವು ಯಾರಿಗೆ ಬೇಕಿತ್ತು!

ಮಂಗಳವಾರ, ಬುಧವಾರ ಗಂಡನನ್ನೂ ಕೊಳವೆಯನ್ನೂ ಎಳೆದುಕೊಂಡು, ಅದೇ ಗೀಟಿನ ಮಟ್ಟಕ್ಕೆ ಅವನೇ ಕಟ್ಟೆ ಕಟ್ಟಿದ್ದ ಇನ್ನೂ ಮೂರು ಬಾವಿ ಸುತ್ತಿದಳು. ಒಂದು ಮೂರು ಅಡಿ, ಒಂದು ನಾಲ್ಕು, ಒಂದು ಐದು. ಮನೆಗೆ ಬಂದರೆ ಕೈಕಾಲು ನಿಲ್ಲುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಬಾಯಿ ಮುಚ್ಚಿಕೊಂಡು ಇದ್ದುಬಿಡೋಣ ಎಂಬ ಆಸೆ ಅವಳಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಹತ್ತಾರು ಸಲ ಬಂತು. ಹೇಳಿದರೆ ಏಳು ವರ್ಷದ ಪುಸ್ತಕ ಒಲೆಗೆ. ಹೇಳದಿದ್ದರೆ ಕೆರೆ ಗಣಿಯ ಪಾಲು.

ಗುರುವಾರ ಸಭೆಯಲ್ಲಿ ಚಹಾ ಬರುವ ಮೊದಲೇ ಎದ್ದು ನಿಂತಳು.

“ಅಂಕಿ ಎಲ್ಲಾ ಸರಿಯಾಗಿವೆ. ಆದ್ರೆ ಪುಸ್ತಕ ತಪ್ಪು,” ಎಂದು ಶುರುಮಾಡಿ, ಕಟ್ಟೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಎಂಜಿನಿಯರ್ ಕೆಟ್ಟ ಮನುಷ್ಯನಲ್ಲ. ಆದರೆ ಅವನ ಮುಖ ಕೆಂಪಾಯಿತು. “ನೋಡಿ ಅಮ್ಮ, ಎರಡು ವರ್ಷದ ಹಿಂದೆ ಊರ ಕೆಳಗಿನ ತೊರೆ ಗಣಿಯಿಂದಾನೇ ಬತ್ತಿತು ಅಂತ ಜನ ಗೇಟಿಗೆ ಬಂದಿದ್ರು. ನಿಮ್ಮ ಪುಸ್ತಕ ತೋರಿಸಿ, ಮಳೆ ಕಡಿಮೆ ಆಗಿದೆ ಅಂತ ವಾಪಸ್ ಕಳಿಸಿದ್ದು ನಾನು. ಹಾಗಾದ್ರೆ ಅದೂ ಸುಳ್ಳಾ?”

“ಹೌದು ಸರ್.”

“ಏಳು ವರ್ಷ ತಪ್ಪು ಬರೆದವರನ್ನ ಇವತ್ತು ಯಾಕೆ ನಂಬಬೇಕು?”

ಟೇಪಕ್ಕನ ಕಣ್ಣಲ್ಲಿ ನೀರಾಡಿತು. ದನಿ ಮಾತ್ರ ಅಲುಗಲಿಲ್ಲ.

“ನನ್ನನ್ನ ನಂಬಬೇಡಿ ಸರ್. ಬಂದು ಕೊಳವೆಯ ಒಂದು ತುದಿ ನೀವೇ ಹಿಡ್ಕೊಳ್ಳಿ.”

ಸಮಿತಿಗೆ ಸಮಿತಿಯೇ ಕೆರೆಯ ಬಂಡೆಗೆ ನಡೆಯಿತು. ಗೀಟಿಗೆ ಕೊಳವೆ ಹಚ್ಚಿ, ಗೂಟ ನೆಟ್ಟು ಗುರುತು ಹಾಕುತ್ತಾ, ಐದು ಸಲ ಸರಿಸಿ, ಪಂಪುಮನೆಯ ಬಾವಿ ಮುಟ್ಟಿದರು. ಎಂಜಿನಿಯರ್ ಪ್ಯಾಂಟು ಮಡಚಿ, ಪ್ರತಿ ಗುರುತನ್ನೂ ತಾನೇ ಹಾಕಿದ. ಕೊನೆಗೆ ಅವಳ ಗಂಡ ಕಟ್ಟೆಯ ಮೇಲೆ ಹತ್ತಿ ನಿಂತ. ಕೊಳವೆಯ ನೀರು ತೂಗಾಡಿ ತೂಗಾಡಿ ಅವನ ಎದೆಮಟ್ಟಕ್ಕೆ ಬಂದು ನಿಂತಿತು. ಕಟ್ಟೆ ಮೊದಲು ಇದ್ದದ್ದು ಅಲ್ಲಿ.

ಎಂಜಿನಿಯರ್ ಕಟ್ಟೆಯಿಂದ ಅಲ್ಲಿಯವರೆಗೆ ಟೇಪು ಹಿಡಿದು ಅಳೆದ: ನಾಲ್ಕೂವರೆ ಅಡಿ. ಆಮೇಲೆ ಸಮಿತಿಯ ಅಧ್ಯಕ್ಷೆಯತ್ತ ತಿರುಗಿ, “ಬರ್ಕೊಳ್ಳಿ ಮೇಡಂ. ಕೆರೆ ಅಡಿಯ ಕಲ್ಲಿದ್ದಲು ಮುಟ್ಟೋದು ಬೇಡ,” ಎಂದ.

ಸಂಜೆಯೊಳಗೆ ಊರೆಲ್ಲ ಸುದ್ದಿ. ಕೆರೆ ಉಳಿಸಿದ ಟೇಪಕ್ಕ ಎಂದು ಹೊಗಳಿದ್ದೇ ಹೊಗಳಿದ್ದು. ಅವಳಿಗೆ ಅದು ಮುಳ್ಳು ಚುಚ್ಚಿದಂತಾಗುತ್ತಿತ್ತು. ಮರುದಿನ ಬೆಳಿಗ್ಗೆ ಗಣಿಯ ಕಚೇರಿಗೆ ಹೋಗಿ, ತೊರೆ ಬತ್ತಿದಾಗ ಗೇಟಿಗೆ ಬಂದಿದ್ದವರ ಪಟ್ಟಿ ಕೇಳಿ ಪಡೆದಳು. ಒಟ್ಟು ನಲವತ್ತೊಂದು ಮನೆ.

ಮೊದಲನೆಯ ಮನೆಯಲ್ಲಿ ಬಾಗಿಲು ತೆರೆದದ್ದು ತೊರೆಯ ದಂಡೆಯಲ್ಲಿ ತರಕಾರಿ ಬೆಳೆಯುತ್ತಿದ್ದ ಹೆಂಗಸು. ಈಗ ಅವಳು ಯಾರದೋ ಅಂಗಡಿಯಲ್ಲಿ ತರಕಾರಿ ತೂಗುತ್ತಾಳೆ. ಟೇಪಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಆಕೆ ಕೊನೆಯವರೆಗೂ ಕೇಳಿಸಿಕೊಂಡಳು. ಕೋಪ ಮಾಡಿಕೊಳ್ಳಲಿಲ್ಲ.

“ಗಣಿಯವರ ಮಾತು ನಾವ್ಯಾರೂ ನಂಬಿರಲಿಲ್ಲ ಅಕ್ಕಾ,” ಎಂದಳು. “ಅಳೆದಿದ್ದು ನೀವು ಅಂತ ಅವರಂದ್ರಲ್ಲ, ಅದಕ್ಕೇ ವಾಪಸ್ ಬಂದ್ವಿ.”